ಹೆಲ್ವಾನ್‌ನಲ್ಲಿ ಕೈಬಿಟ್ಟ ಎಂಜಿನ್

ಜರ್ಮನಿಯ ಮ್ಯೂನಿಕ್ ಸಮೀಪದ ಶ್ಲೈಸ್‌ಹೈಮ್ ವಿಮಾನ ವಸ್ತುಸಂಗ್ರಹಾಲಯದಲ್ಲಿ ತ್ರಿಕೋನಾಕಾರದ ರೆಕ್ಕೆಯ ಪುಟ್ಟ ಯುದ್ಧವಿಮಾನವೊಂದಿದೆ. ಅದರ ಹೆಸರು ಎಚ್‌ಎ-300. ವಿಲಿ ಮೆಸ್ಸರ್‌ಶ್ಮಿಟ್ ಅದನ್ನು ರೂಪಿಸತೊಡಗಿದ್ದು ಸ್ಪೇನ್‌ನಲ್ಲಿ. ಆ ದೇಶ ಕೈಬಿಟ್ಟಾಗ ಯೋಜನೆಯನ್ನು ಎತ್ತಿಕೊಂಡದ್ದು ನಾಸರ್ ಅವರ ಈಜಿಪ್ಟ್. 1964ರ ಮಾರ್ಚ್ 7ರಂದು ಕೈರೋ ಬಳಿಯ ಹೆಲ್ವಾನ್‌ನಲ್ಲಿ ಅದನ್ನು ಮೊದಲ ಬಾರಿಗೆ ಹಾರಿಸಿದವರು ಮಾತ್ರ ಭಾರತೀಯ ವಾಯುಪಡೆಯ ಕಪಿಲ್ ಭಾರ್ಗವ.

ಭಾರತದ ಪೈಲಟ್ ಅಲ್ಲಿಗೆ ಹೋದದ್ದೇಕೆ ಎಂಬುದಕ್ಕೆ ಉತ್ತರ ಬೆಂಗಳೂರಿನಲ್ಲಿದೆ. ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಎಚ್‌ಎಎಲ್ ರೂಪಿಸಿದ ಎಚ್‌ಎಫ್-24 ಮಾರುತ 1961ರ ಜೂನ್‌ನಲ್ಲಿ ಹಾರಿತ್ತು. ಶಬ್ದದ ಇಮ್ಮಡಿ ವೇಗ ಅದರ ಗುರಿ. ಆದರೆ ನೆಚ್ಚಿಕೊಂಡಿದ್ದ ಆರ್ಫಿಯಸ್-12 ಎಂಜಿನ್ನಿನ ಅಭಿವೃದ್ಧಿಯನ್ನು ಬ್ರಿಟನ್ ನಿಲ್ಲಿಸಿತು. ಅದನ್ನು ಮುಂದುವರಿಸಲು ಹಣ ಕೊಡಲು ದೆಹಲಿ ಒಪ್ಪಲಿಲ್ಲ. ಕಡಿಮೆ ಶಕ್ತಿಯ ಎರಡು ಆರ್ಫಿಯಸ್-703 ಎಂಜಿನ್‌ಗಳನ್ನು ಕೂರಿಸಿಕೊಂಡ ಮಾರುತ ಶಬ್ದವೇಗದ ಹೊಸ್ತಿಲಲ್ಲೇ ನಿಂತಿತು. 1971ರ ಯುದ್ಧದಲ್ಲಿ ಅದು ತೋರಿದ ಸಾಮರ್ಥ್ಯ ಆ ಮಿತಿಯೊಳಗಿನದು.

ಇತ್ತ ಒಡಲಿದ್ದು ಎಂಜಿನ್ ಇರಲಿಲ್ಲ. ಅತ್ತ ಹೆಲ್ವಾನ್‌ನಲ್ಲಿ ಆಸ್ಟ್ರಿಯಾದ ಫರ್ಡಿನಾಂಡ್ ಬ್ರಾಂಡ್ನರ್ ಇ-300 ಎಂಬ ಎಂಜಿನ್ ಕಟ್ಟುತ್ತಿದ್ದರು. ಎಚ್‌ಎ-300 ಕೂಡ ಮೊದಲು ಹಾರಿದ್ದು ಆರ್ಫಿಯಸ್ ಬಲದಿಂದಲೇ. ಹಾಗಾಗಿ ಮಾರುತ ವಿಮಾನವೊಂದು ಈಜಿಪ್ಟ್‌ಗೆ ಹೋಯಿತು. 1967ರಲ್ಲಿ ಅದರ ಒಂದು ಆರ್ಫಿಯಸ್ ತೆಗೆದು ಇ-300 ಜೋಡಿಸಿ ಹಾರಿಸಲಾಯಿತು. ಅಲಿಪ್ತ ರಾಷ್ಟ್ರಗಳ ಸಹಕಾರ ಭಾಷಣವನ್ನು ದಾಟಿ ಕಾರ್ಯಾಗಾರ ತಲುಪಿದ ಅಪರೂಪದ ಗಳಿಗೆ ಅದು. ಆದರೆ ಅದೇ ಜೂನ್‌ನ ಯುದ್ಧದಲ್ಲಿ ಈಜಿಪ್ಟ್ ಸೋತಿತು, ಸೂಯೆಜ್ ಕಾಲುವೆ ಮುಚ್ಚಿತು, ಬೊಕ್ಕಸ ಬರಿದಾಯಿತು. ಮಿಗ್-21 ಸೋವಿಯತ್ ಒಕ್ಕೂಟದಿಂದ ಬರುತ್ತಲೇ ಇತ್ತು. 1969ರ ಮೇ ತಿಂಗಳಲ್ಲಿ ಯೋಜನೆ ರದ್ದಾದಾಗ ಇ-300 ಹೊತ್ತ ಎಚ್‌ಎ-300 ಇನ್ನೂ ನೆಲ ಬಿಟ್ಟಿರಲಿಲ್ಲ.

ಈ ವಿಮಾನಕ್ಕಾಗಿ ಮರುಗುವವರಿದ್ದಾರೆ. ಆ ಮರುಕದಲ್ಲಿ ಹುರುಳು ಕಡಿಮೆ. ಮಿಗ್-21 ಮಾಡಬಲ್ಲ ಕೆಲಸವನ್ನೇ ಅದೂ ಮಾಡಬೇಕಿತ್ತು. ನಷ್ಟವಾದದ್ದು ಎಂಜಿನ್. ವಿಮಾನದ ಒಡಲಿಗಿಂತ ಎಂಜಿನ್ ಪಕ್ವವಾಗಲು ಹೆಚ್ಚು ಕಾಲ ಬೇಕು: ಟರ್ಬೈನ್ ಅಲಗುಗಳು ತಾಳಬೇಕಾದ ಶಾಖ, ಅದಕ್ಕೆ ಬೇಕಾದ ಮಿಶ್ರಲೋಹ, ಸಾವಿರಾರು ಗಂಟೆಗಳ ಪರೀಕ್ಷೆ ಇವಕ್ಕೆ ಅಡ್ಡದಾರಿಯಿಲ್ಲ. ಈಜಿಪ್ಟ್ ಬಿಟ್ಟ ಎಳೆಯನ್ನು ಭಾರತ ಹಿಡಿಯಲಿಲ್ಲ. ಪರವಾನಗಿ ಪಡೆದು ಮಿಗ್ ತಯಾರಿಸುತ್ತಿದ್ದ ದೇಶಕ್ಕೆ ಅದು ಅನಗತ್ಯ ವೆಚ್ಚವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅದೇ ಬೆಂಗಳೂರಿನಲ್ಲಿ 1980ರ ದಶಕದ ಕೊನೆಗೆ ಕಾವೇರಿ ಎಂಜಿನ್ ಯೋಜನೆ ಹೆಚ್ಚುಕಡಿಮೆ ಮೊದಲಿನಿಂದಲೇ ಆರಂಭವಾಗಬೇಕಾಯಿತು. 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು.

ಆ ಸಾಲ ಈಗಲೂ ತೀರಿಲ್ಲ. 2021ರಲ್ಲಿ 83 ತೇಜಸ್ ಮಾರ್ಕ್-1ಎ ವಿಮಾನಗಳಿಗೆ ಒಪ್ಪಂದವಾಯಿತು. ಪೂರೈಕೆ 2024ರ ಮಾರ್ಚ್‌ನಲ್ಲಿ ಆರಂಭವಾಗಬೇಕಿತ್ತು. ಇವುಗಳಿಗೆಂದು ಅಮೆರಿಕದ ಜಿಇ ಕಳುಹಿಸಿದ ಮೊದಲ ಎಂಜಿನ್ ಬಂದದ್ದೇ 2025ರ ಮಾರ್ಚ್‌ನಲ್ಲಿ. ಫ್ರಾನ್ಸ್‌ನ ಸಾಫ್ರಾನ್ ಜೊತೆ ಭಾರತದಲ್ಲೇ ಎಂಜಿನ್ ತಯಾರಿಸುವ ಇರಾದೆಯನ್ನು ರಕ್ಷಣಾ ಸಚಿವ ರಾಜನಾಥ್ ಸಿಂಗ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿದ್ದಾರೆ. ಟರ್ಬೈನ್ ಅಲಗುಗಳ ತಂತ್ರಜ್ಞಾನ ಯಾರ ಒಡೆತನದಲ್ಲಿರುತ್ತದೆ, ಪಾಲುದಾರ ಹಿಂಜರಿದರೆ ಕೆಲಸ ಮುಂದುವರಿಸುವಷ್ಟು ಹಣವನ್ನು ದೆಹಲಿ ತೆಗೆದಿಡುತ್ತದೆಯೇ ಎಂಬುದನ್ನು ಸಂಸತ್ತು ಸಹಿ ಬೀಳುವ ಮೊದಲೇ ಕೇಳಬೇಕು.