ಹಿಂದಿನ ಬೆಂಚಿನ ನಗು

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗಿರುವ ಒಂದು ಶಾಲೆಯಲ್ಲಿ ನನ್ನ ಬೋಧನಾಭ್ಯಾಸ. ಏಳನೇ ತರಗತಿ, ಭಿನ್ನರಾಶಿಯ ಪಾಠ. ಕಪ್ಪುಹಲಗೆಗೆ ತಿರುಗಿದ್ದಾಗ ಹಿಂದಿನಿಂದ ಒಂದು ದನಿ: “ಏ ಕಾಡಯ್ಯ, ಜೇನು ಎಲ್ಲೋ?” ಕೇಳಿದ್ದು ಜೇನುಕುರುಬರ ಹುಡುಗನನ್ನು. ತರಗತಿಯೆಲ್ಲ ನಕ್ಕಿತು. ನನಗೂ ಕೇಳಿಸಿತ್ತು. ಛೇದವನ್ನು ಇನ್ನಷ್ಟು ದುಂಡಗೆ ಬರೆಯುತ್ತ ನಿಂತೆ. ಹುಡುಗ ಮರುದಿನ ಬರಲಿಲ್ಲ, ಅದರ ಮರುದಿನವೂ.

ರೌಲಿಂಗ್ ಅವರ ಹ್ಯಾರಿ ಪಾಟರ್ ಸರಣಿಯ ಐದನೇ ಪುಸ್ತಕದಲ್ಲಿ (2003) ಜೇಮ್ಸ್ ಮತ್ತು ಸಿರಿಯಸ್ ಸಹಪಾಠಿ ಸ್ನೇಪ್‌ನನ್ನು ಎಲ್ಲರೆದುರು ತಲೆಕೆಳಗಾಗಿ ತೂಗಾಡಿಸುತ್ತಾರೆ. ವಿದ್ಯಾರ್ಥಿ ನಾಯಕ ಲೂಪಿನ್ ಅಲ್ಲೇ ಪುಸ್ತಕ ಹಿಡಿದು ಕುಳಿತಿರುತ್ತಾನೆ. ಎದುರು ನಿಂತು ಕೇಳುವವಳು ಲಿಲಿ ಒಬ್ಬಳೇ. ಓದಿದಾಗ ಲೂಪಿನ್ ಮೇಲೆ ಸಿಟ್ಟು ಬಂದಿತ್ತು. ಮುಂದೆ ಅವನು ಅದೇ ಶಾಲೆಯ ಒಳ್ಳೆಯ ಮೇಷ್ಟ್ರಾಗುತ್ತಾನೆ ಎಂಬುದೀಗ ನನಗೆ ಸಮಾಧಾನವೋ, ಮುಜುಗರವೋ!

ಸಹಪಾಠಿ ವೀಕ್ಷಕರು ಕೊಟ್ಟ ಹಾಳೆಯಲ್ಲಿ ‘ತರಗತಿ ನಿರ್ವಹಣೆ: ಉತ್ತಮ’ ಎಂದಿತ್ತು. ಅವರು ಕುಳಿತಿದ್ದದ್ದು ಆ ಹುಡುಗನ ಪಕ್ಕದ ಸಾಲಿನಲ್ಲೇ. ಅವರನ್ನು ದೂರುವುದಿಲ್ಲ, ಪ್ರಶ್ನಿಸುವ ಕೌಶಲಕ್ಕೆ, ಪುನರ್ಬಲನಕ್ಕೆ, ಅಕ್ಷರದ ಗಾತ್ರಕ್ಕೂ ಅಂಕಣವಿದೆ, ಇದಕ್ಕಿಲ್ಲ. ಮಗುವಿಗೆ ಮಾನಸಿಕ ಕಿರುಕುಳ ಕೂಡದೆನ್ನುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವರು ನಾವು.

ಕೀಟಲೆ ಮಾಡಿದವನನ್ನು ಗದರಿಸಿದರೆ ಸಾಲದು, ಅವನಿಗೆ ಬಲ ನಕ್ಕವರದು. ಹುಡುಗ ಬಂದ ದಿನ ಅವನನ್ನು ಮುಂದೆ ಕರೆದು ಎಲ್ಲರಿಂದ ಕ್ಷಮೆ ಕೇಳಿಸಲು ಹೊರಟಿದ್ದೆ. ಮಾರ್ಗದರ್ಶಕ ಶಿಕ್ಷಕಿ ತಡೆದರು: “ಮತ್ತೆ ಅವನನ್ನೇ ನಿಲ್ಲಿಸ್ತೀರಾ ಮೇಡಂ?” ನಕ್ಕವರೊಡನೆ ಬೇರೆಯಾಗಿ ಕುಳಿತು ಮಾತಾಡಿದೆ. ನಾನೂ ಸುಮ್ಮನಿದ್ದೆ ಎಂದು ಮೊದಲು ಒಪ್ಪಿಕೊಂಡ ಮೇಲೆಯೇ ಅವರು ಬಾಯಿಬಿಟ್ಟದ್ದು.

ವೀಕ್ಷಣಾ ಹಾಳೆಗೆ ಒಂದು ಸಾಲು ಸೇರಿಸಿ ಎಂದು ನಮ್ಮ ಅಧ್ಯಾಪಕರಲ್ಲಿ ನನ್ನ ಕೋರಿಕೆ: ‘ಮಕ್ಕಳು ನಕ್ಕಾಗ ಶಿಕ್ಷಕರು ಏನು ಮಾಡಿದರು?’ ಆ ದಿನದ ನನ್ನ ಹಾಳೆಯಲ್ಲಿ ‘ಹಲಗೆಯ ಮೇಲೆ ಬರೆಯುತ್ತಿದ್ದರು’ ಎಂದು ತುಂಬಬೇಕಿತ್ತು.