ಅಜ್ಜನ ಕೋವಿ, ಮೊಮ್ಮಗನ ಸ್ಪಾನರ್



ರಜೆಗೆ ಕೊಡಗಿಗೆ ಹೋಗಿಬಂದ ನಮ್ಮ ಸಂಘದ ಹುಡುಗನೊಬ್ಬ ಮೊನ್ನೆ ಕೇಳಿದ: "ಆಂಟಿ, ಅಜ್ಜನ ಬೇಟೆ ರೈಫಲ್ಲಿನ ನಳಿಗೆಯೊಳಗೆಲ್ಲ ತುಕ್ಕು. ಹೊಸ ನಳಿಗೆ ತರಿಸಿ ನಾನೇ ಕೂರಿಸಲಾ? ನಲ್ಲಿ ಬದಲಾಯಿಸಿದ ಹಾಗೆ ತಾನೇ?" ಕೋವಿ ವಿಷಯ ನನ್ನನ್ನು ಕೇಳುತ್ತಾನಲ್ಲ ಎಂದು ನಗು ಬಂತು. ಬಲ್ಲವರನ್ನು ವಿಚಾರಿಸಿದ ಮೇಲೆ ನಗು ನಿಂತಿತು.

ನಳಿಗೆಯ ಒಳಮೈಯಲ್ಲಿ ತಿರುಪಿನಂತೆ ಸುತ್ತಿಹೋಗುವ ಗೀರುಗಳಿರುತ್ತವೆ. ಗುಂಡು ತಿರುಗುತ್ತ ನೇರವಾಗಿ ಹೋಗುವುದು ಅವುಗಳಿಂದ. ಅವು ಸವೆದರೆ ಗುರಿ ಕೆಡುತ್ತದೆ, ಆಗ ನಳಿಗೆ ಬದಲಾಯಿಸುವುದುಂಟು. ಸಾಮಾನ್ಯವಾಗಿ ಅದನ್ನು ತಿರುಪಿಯೇ ಕೂರಿಸಿರುತ್ತಾರೆ. ಹುಡುಗ ಹೇಳಿದ್ದು ಅಷ್ಟರಮಟ್ಟಿಗೆ ಸರಿ. ಆದರೆ ವೈಸಿನಲ್ಲಿ ಕಚ್ಚಿಸಿ ಬಿಚ್ಚುವಾಗ ಹಿಡಿತ ತಪ್ಪಿದರೆ ಬೋಲ್ಟ್ ಕೂರುವ ಉಕ್ಕಿನ ಭಾಗವೇ ತಿರುಚಿಕೊಂಡೀತು.

ನಿಜವಾದ ಅಪಾಯ ಕೂರಿಸುವುದರಲ್ಲಿದೆ. ಕುಕ್ಕರಿನ ಗ್ಯಾಸ್ಕೆಟ್ ಸರಿಯಾಗಿ ಕೂರದಿದ್ದರೆ ಹಬೆ ಪಕ್ಕದಿಂದ ನುಗ್ಗುತ್ತದಲ್ಲ? ಕೋವಿಯಲ್ಲಿ ಗ್ಯಾಸ್ಕೆಟ್ಟಿನ ಕೆಲಸ ತೋಟಾದ ಹಿತ್ತಾಳೆ ಕವಚದ್ದು. ಕುಕ್ಕರಿನ ಒತ್ತಡ ಚದರ ಅಂಗುಲಕ್ಕೆ ಸುಮಾರು 15 ಪೌಂಡು; .30-06 ಎಂಬ ತೋಟಾದ್ದು 60,000ದವರೆಗೆ! ಕವಚದ ಬೆನ್ನಿಗೆ ಬೋಲ್ಟ್ ಆತು ನಿಂತಿರಬೇಕು. ನಡುವೆ ಜಾಗ ಹೆಚ್ಚಾದರೆ ಕವಚ ಹರಿದು, ಬಿಸಿ ಅನಿಲ ಹಿಂದಕ್ಕೆ, ಹಾರಿಸುವವನ ಮುಖಕ್ಕೇ ನುಗ್ಗಬಹುದು. ಅದಕ್ಕೇ ಕಸುಬುದಾರರು ಉಕ್ಕಿನ ಎರಡು ಗೇಜುಗಳನ್ನು ಒಂದಾದಮೇಲೊಂದು ಇಟ್ಟು ನೋಡುತ್ತಾರೆ: ಒಂದರ ಮೇಲೆ ಬೋಲ್ಟ್ ಮುಚ್ಚಬೇಕು, ಇನ್ನೊಂದರ ಮೇಲೆ ಮುಚ್ಚಬಾರದು. ಎರಡರ ವ್ಯತ್ಯಾಸ ಅಂಗುಲದ ಸಾವಿರದಲ್ಲಿ ಕೆಲವೇ ಪಾಲು. ಮನೆಯ ಸ್ಪಾನರಿಗೆ ಇದು ಹೇಗೆ ಗೊತ್ತಾಗಬೇಕು?

"ನಮಗೆ ಲೈಸೆನ್ಸೇ ಬೇಡ ಆಂಟಿ" ಎಂದ. ಹೌದಪ್ಪ, ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದ್ದಾರೆ. ಅದು ಕೋವಿ ಇಟ್ಟುಕೊಳ್ಳಲು. ರಿಪೇರಿ ಮಾಡಲು 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಬೇರೆಯೇ ಲೈಸೆನ್ಸ್ ಬೇಕು. ಬೇಟೆಯ ಮಾತಂತೂ ಎತ್ತಲೇಬೇಡಿ, ವನ್ಯಜೀವಿ ಕಾಯ್ದೆ ಇದೆ.

ಹುಡುಗ ಮುಖ ಸಣ್ಣದು ಮಾಡಿಕೊಂಡು ಅಜ್ಜಿಗೆ ಫೋನು ಮಾಡಿದನಂತೆ. ಅಜ್ಜ ಹೋದಮೇಲೆ ಆ ಕೋವಿಯಿಂದ ಯಾರೂ ಗುಂಡು ಹಾರಿಸಿಯೇ ಇಲ್ಲವಂತೆ. ಪ್ರತಿ ಸೆಪ್ಟೆಂಬರಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಅದನ್ನು ಒರೆಸಿ, ಪೂಜೆಗಿಟ್ಟು, ನಳಿಗೆಗೆ ತೋಕ್ ಪೂ ಸಿಕ್ಕಿಸುತ್ತಾರೆ. ತೆಂಗಿನಕಾಯಿಗೆ ಗುರಿಯಿಡಲು ಪಕ್ಕದ ಮನೆಯ ಕೋವಿ ಬರುತ್ತದೆ.