‘ಮಲಗಿ ಎದ್ದರೆ ಸರಿಹೋಗುತ್ತಾನೆ’

ನಮ್ಮ ಭಾಷೆಯಲ್ಲಿ ‘ಕುಡುಕ’ ಎಂಬ ಮಾತಿಗೆ ಒಂದು ನಿಶ್ಚಿತವಾದ ಚಿತ್ರವಿದೆ. ಸಂಜೆಯಾದರೆ ಗಡಂಗಿಗೆ ಹೋಗುವವನು, ಹೆಂಡತಿಯ ತಾಳಿಯನ್ನು ಅಡವಿಟ್ಟವನು, ಚರಂಡಿಯ ಪಕ್ಕದಲ್ಲಿ ಬಿದ್ದುಕೊಂಡವನು, ಇವನು ಕುಡುಕ. ತಿಂಗಳಿಗೊಮ್ಮೆ, ಪರೀಕ್ಷೆ ಮುಗಿದ ರಾತ್ರಿಯೋ ಗೆಳೆಯನ ಹುಟ್ಟುಹಬ್ಬದ ದಿನವೋ, ಎರಡು ಮೂರು ಗಂಟೆಗಳೊಳಗೆ ಅರ್ಧ ಬಾಟ್ಲಿ ಬರಿದುಮಾಡುವ ಹತ್ತೊಂಬತ್ತರ ಹುಡುಗ ನಮ್ಮ ಲೆಕ್ಕದಲ್ಲಿ ಕುಡುಕನಲ್ಲ. ಅವನು ಚೆನ್ನಾಗಿ ಓದುತ್ತಾನೆ, ಊರಿಗೆ ಹೋದಾಗ ಅಜ್ಜಿಯ ಕಾಲಿಗೆ ಬೀಳುತ್ತಾನೆ. ಚಟವಿಲ್ಲವಾದುದರಿಂದ ಅಪಾಯವೂ ಇಲ್ಲವೆಂದು ಅವನೂ ನಂಬಿದ್ದಾನೆ, ಅವನ ತಂದೆತಾಯಿಗಳೂ ನಂಬಿದ್ದಾರೆ. ಈ ನಂಬಿಕೆಯ ಮೇಲೆಯೇ ನನ್ನ ಜಗಳ.

ಸಾಹಿತ್ಯದ ಮೇಷ್ಟರಿಗೆ ಲೆಕ್ಕವೇಕೆ ಎನ್ನಬೇಡಿ. ಇದು ದಿನಸಿ ಅಂಗಡಿಯ ಲೆಕ್ಕದಷ್ಟೇ ಸುಲಭ. ನಮ್ಮಲ್ಲಿ ಮಾರುವ ವಿಸ್ಕಿ, ರಮ್ಮು, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ 42.8 ಭಾಗ ಮದ್ಯಸಾರವಿರುತ್ತದೆ. 30 ಮಿಲಿಲೀಟರಿನ ಸಣ್ಣ ಪೆಗ್ಗೊಂದರಲ್ಲಿ ಸುಮಾರು 10 ಗ್ರಾಂ. ಒಂದೇ ಕೂಟದಲ್ಲಿ 60 ಗ್ರಾಂ ಅಥವಾ ಅದಕ್ಕೂ ಮೀರಿ ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ವಿಪರೀತದ ಕುಡಿತವೆಂದು ಎಣಿಸುತ್ತದೆ. ಎಂದರೆ, ಹುಡುಗರ ಬಾಯಲ್ಲಿ ‘ಕ್ವಾರ್ಟರ್’ ಎನಿಸಿಕೊಂಡ 180 ಮಿಲಿಲೀಟರಿನ ಸೀಸೆಯನ್ನು ಒಬ್ಬನೇ ಮುಗಿಸಿದರೆ ಆ ಗಡಿ ಮುಟ್ಟಿತು. ನೂರಕ್ಕೆ 8 ಭಾಗದ ‘ಸ್ಟ್ರಾಂಗ್’ ಬಿಯರಾದರೆ ದೊಡ್ಡ ಬಾಟ್ಲಿ ಒಂದೂವರೆ ಸಾಕು. ಹುಡುಗಿಯರಲ್ಲಿ ಅಷ್ಟೇ ಪ್ರಮಾಣಕ್ಕೆ ರಕ್ತದಲ್ಲಿ ಮದ್ಯಸಾರ ಇನ್ನೂ ಹೆಚ್ಚು ಏರುತ್ತದೆ. ಇದನ್ನು ಕರಗಿಸಬೇಕಾದ ಯಕೃತ್ತಾದರೋ ಗಂಟೆಗೆ ಏಳೆಂಟು ಗ್ರಾಮಿಗಿಂತ ಹೆಚ್ಚು ಕೆಲಸ ಮಾಡಲಾರದು. ನಿಂಬೆಹಣ್ಣು, ಮಜ್ಜಿಗೆ, ಗಟ್ಟಿ ಕಾಫಿ, ತಲೆಯ ಮೇಲೆ ತಣ್ಣೀರು, ಯಾವುದಕ್ಕೂ ಅದನ್ನು ಅವಸರಪಡಿಸುವ ಶಕ್ತಿಯಿಲ್ಲ.

ಹೀಗಿರುವಾಗ ಹುಡುಗನೊಬ್ಬ ಪ್ರಜ್ಞೆ ತಪ್ಪಿ ಬಿದ್ದರೆ ಗೆಳೆಯರು ಏನು ಮಾಡುತ್ತಾರೆ? ಎತ್ತಿಕೊಂಡು ಹೋಗಿ ಕೋಣೆಯಲ್ಲಿ ಅಂಗಾತ ಮಲಗಿಸಿ, ಹೊದಿಕೆ ಹೊದಿಸಿ, ದೀಪವಾರಿಸಿ, ‘ಮಲಗಿ ಎದ್ದರೆ ಸರಿಹೋಗುತ್ತಾನೆ’ ಎಂದು ಹೊರಟುಬಿಡುತ್ತಾರೆ. ಸ್ನೇಹದಿಂದಲೇ ಮಾಡುತ್ತಾರೆ, ಸಂದೇಹವಿಲ್ಲ. ಆದರೆ ಹೊಟ್ಟೆಯಲ್ಲಿ ಉಳಿದ ಮದ್ಯ ಅವನು ಮಲಗಿದ ಮೇಲೂ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಮಿದುಳು ಇನ್ನೂ ಮಂಕಾಗುತ್ತದೆ, ಉಸಿರಾಟ ನಿಧಾನವಾಗುತ್ತದೆ. ಗಂಟಲಿಗೆ ಬಂದ ವಾಂತಿಯನ್ನು ಕೆಮ್ಮಿ ಹೊರಹಾಕುವ ಸಹಜ ಶಕ್ತಿಯೂ ಉಡುಗಿರುತ್ತದೆ. ಅದು ಶ್ವಾಸನಾಳಕ್ಕೆ ಇಳಿದರೆ ಮುಗಿಯಿತು. ಸಾಯಲು ಇಲ್ಲಿ ವರ್ಷಗಳ ಚಟ ಬೇಕಿಲ್ಲ. ಒಂದು ರಾತ್ರಿ, ಒಂದು ಮುಚ್ಚಿದ ಬಾಗಿಲು ಸಾಕು.

ಈ ಮಾತೆತ್ತಿದರೆ ಎರಡು ಪಕ್ಷದವರು ನನ್ನ ಮೇಲೆ ಬೀಳುತ್ತಾರೆ. ಮೊದಲನೆಯವರು ರಸಿಕರು. “ಹುಡುಗರಲ್ಲವೆ ಸ್ವಾಮಿ, ಈಗಲ್ಲದೆ ಇನ್ನಾವಾಗ? ನಿಮ್ಮ ರತ್ನ ಕುಡಿಯಲಿಲ್ಲವೆ?” ಎನ್ನುತ್ತಾರೆ. ಕನ್ನಡದ ಮೇಷ್ಟರ ಬಾಯಿ ಮುಚ್ಚಿಸಲು ರಾಜರತ್ನಂ ಅವರ ‘ರತ್ನನ ಪದಗಳು’ ಸಾಕೆಂಬ ಭ್ರಮೆ ಇವರಿಗೆ. ರತ್ನ ಕುಡಿದದ್ದು ಹೆಂಡ. ಮದ್ಯಸಾರದಲ್ಲಿ ಅದೆಲ್ಲಿ, ಬಾಯಿಗಿಟ್ಟು ಒಂದೇ ಗುಟುಕಿಗೆ ಇಳಿಸುವ ರಮ್ಮೆಲ್ಲಿ! ಮೇಲಾಗಿ ಆ ಪದಗಳನ್ನು ಕಟ್ಟಿದ ಅಧ್ಯಾಪಕರು ಹೆಂಡ ಮುಟ್ಟಿದವರಲ್ಲ. ಕಾವ್ಯದ ಅಮಲನ್ನು ಸೀಸೆಯ ಅಮಲಿಗೆ ಸಾಕ್ಷಿಯಾಗಿ ಕರೆಯುವುದು ನ್ಯಾಯವಲ್ಲ.

ಎರಡನೆಯವರು ನನ್ನ ಸಹೋದ್ಯೋಗಿಗಳು, ಶಿಸ್ತಿನ ಪಕ್ಷದವರು. “ಸಿಕ್ಕಿಬಿದ್ದವನಿಗೆ ಟಿ.ಸಿ. ಕೊಟ್ಟು ಕಳುಹಿಸಿ, ಉಳಿದವರು ತಾವೇ ತಿದ್ದಿಕೊಳ್ಳುತ್ತಾರೆ” ಎಂಬುದು ಇವರ ಸಿದ್ಧಾಂತ. ಇವರ ಕಳಕಳಿಯನ್ನು ನಾನು ಗೌರವಿಸುತ್ತೇನೆ. ಆದರೆ ಫಲವನ್ನು ನೋಡಿ. ಗೆಳೆಯನಿಗೆ ಉಸಿರು ಕಟ್ಟುತ್ತಿರುವಾಗ ಹುಡುಗರ ಕಣ್ಣ ಮುಂದೆ ಬರುವುದು ಆಸ್ಪತ್ರೆಯಲ್ಲ, ವಾರ್ಡನ್ನರ ಮುಖ. ಆಂಬುಲೆನ್ಸ್ ಗೇಟಿಗೆ ಬಂದರೆ ಹತ್ತು ಜನರ ಓದು ಹಾಳಾಗುತ್ತದೆಂದು ಅವರು ಬಾಗಿಲು ಹಾಕಿಕೊಳ್ಳುತ್ತಾರೆ. ಕುಡಿತವನ್ನು ನಿಲ್ಲಿಸಲೆಂದು ಮಾಡಿದ ನಿಯಮ ಕುಡಿತವನ್ನು ನಿಲ್ಲಿಸಲಿಲ್ಲ, ಸಹಾಯವನ್ನು ನಿಲ್ಲಿಸಿತು!

ಸರ್ಕಾರದ ನಡತೆಯಾದರೂ ನೆಟ್ಟಗಿದೆಯೆ? 1965ರ ಅಬಕಾರಿ ಕಾಯಿದೆ 18 ವರ್ಷ ಎನ್ನುತ್ತದೆ. 1967ರ ಪರವಾನಗಿ ನಿಯಮಗಳು 21 ಎನ್ನುತ್ತವೆ. ಇದನ್ನೂ 18ಕ್ಕೆ ಇಳಿಸುವ ಕರಡೊಂದು 2023ರ ಜನವರಿಯಲ್ಲಿ ಹೊರಟು, ಜನ ಆಕ್ಷೇಪಿಸಿದ ಮೇಲೆ ಹಿಂದಕ್ಕೆ ಹೋಯಿತು. ಸಂವಿಧಾನದ 47ನೆಯ ವಿಧಿ ಪಾನನಿಷೇಧದ ಕಡೆಗೆ ನಡೆಯಿರೆಂದು ಹೇಳಿದರೆ, ನಮ್ಮ ರಾಜ್ಯದ 2025–26ರ ಬಜೆಟ್ಟು ಅಬಕಾರಿಯಿಂದ 40,000 ಕೋಟಿ ರೂಪಾಯಿಯ ಗುರಿ ಇಟ್ಟುಕೊಂಡಿತು. ಬೊಕ್ಕಸಕ್ಕೆ ಬೇಕಾದ ಸೀಸೆಗಾಗಿ ಹುಡುಗನನ್ನು ಮಾತ್ರ ಬೀದಿಗೆ ತಳ್ಳುವುದು ಯಾವ ಶಿಸ್ತು?

ಹಾಗಾದರೆ ಕುಡಿಯಲು ಬಿಡಬೇಕೆ ಎಂದು ಕೇಳುತ್ತೀರಿ. ಬೇಡ. ಹಾಸ್ಟೆಲಿನಲ್ಲಿ ಸೀಸೆ ಸಿಕ್ಕರೆ ದಂಡ ಹಾಕಿ, ಮನೆಗೆ ಕಾಗದ ಬರೆಯಿರಿ. ನಾನು ಕೇಳುವುದು ಒಂದೇ ವಿನಾಯಿತಿ: ಪ್ರಾಣಾಪಾಯದಲ್ಲಿರುವವನಿಗಾಗಿ ಸಹಾಯ ಕೇಳಿ ಬಂದವನಿಗೂ, ಯಾರಿಗಾಗಿ ಕೇಳಿದನೋ ಅವನಿಗೂ, ಆ ರಾತ್ರಿಯ ಕುಡಿತಕ್ಕಾಗಿ ಶಿಕ್ಷೆಯಿಲ್ಲ. ಇದು ನನ್ನ ಕಲ್ಪನೆಯೇನೂ ಅಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ 2002ರಲ್ಲಿಯೇ ಇಂಥ ನಿಯಮವನ್ನು ತಂದಿತು. ಸಹಾಯ ಕೇಳುವ ಕರೆಗಳು ಹೆಚ್ಚಿದವು. ಕುಡಿತ ಹೆಚ್ಚಿದ ಲಕ್ಷಣ ಕಾಣಲಿಲ್ಲ. ಶಿಕ್ಷೆಯ ಬದಲು ಆ ಹುಡುಗನನ್ನು ಸಲಹೆಗಾರರ ಬಳಿಗೆ ಕಳುಹಿಸಬಹುದು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

ಇದರೊಡನೆ ಪ್ರತಿಯೊಂದು ಹಾಸ್ಟೆಲು, ಪಿ.ಜಿ.ಗಳ ಗೋಡೆಯ ಮೇಲೆ ನಾಲ್ಕು ಸಾಲು ಬರೆಸಬೇಕು. ಕೂಗಿದರೂ ಚಿವುಟಿದರೂ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾದರೆ, ತುಟಿ ನೀಲಿಗಟ್ಟಿ ಮೈ ತಣ್ಣಗಾದರೆ, ಅದು ನಿದ್ದೆಯಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಬಾಯಿಗೆ ಏನನ್ನೂ ಹಾಕಬೇಡಿ. 108ಕ್ಕೆ ಫೋನು ಮಾಡಿ, ವಾಹನ ಬರುವ ತನಕ ಬಿಟ್ಟು ಕದಲಬೇಡಿ.

ಮಕ್ಕಳನ್ನು ದೂರದ ಊರಿಗೆ ಓದಲು ಕಳುಹಿಸಿರುವ ಓದುಗರು ಈ ವಾರವೇ ಪ್ರಿನ್ಸಿಪಾಲರಿಗೆ ಒಂದು ಕಾಗದ ಬರೆದು, ಇಂಥ ನಿಯಮ ನಿಮ್ಮಲ್ಲಿದೆಯೆ ಎಂದು ಕೇಳಲಿ. ಹಾಗೆಯೇ ಮಗನಿಗೂ ಮಗಳಿಗೂ, “ಎಷ್ಟು ಹೊತ್ತಿನಲ್ಲಾದರೂ ಕರೆ ಮಾಡು, ಮೊದಲು ಬರುತ್ತೇನೆ, ಬೈಯುವುದು ಆಮೇಲೆ” ಎಂದು ಸ್ಪಷ್ಟವಾಗಿ ಹೇಳಿಡಲಿ. ಬೈಯಬೇಡಿರೆಂದು ನಾನು ಹೇಳುವುದಿಲ್ಲ. ಬೈಯಲು ಹುಡುಗ ಉಳಿದಿರಬೇಕೆಂದಷ್ಟೇ ಹೇಳುತ್ತೇನೆ.